ಗಂಟೆ ಬಾರಿಸದ ದಿನ

ಕಾರ್ಗಲ್ಲಿನಿಂದ ಮೇಲೆ, ನಲವತ್ತೇಳನೇ ಕಂಬದ ತನಕ
ನನಗೆ ದಾರಿ ಗೊತ್ತಿತ್ತು.
ತಂತಿಯ ಕೆಳಗೆ ನಡೆದರೆ ಸಾಕು,
ಲೈನ್‌ಮನ್‌ಗೆ ಬೇರೆ ನಕ್ಷೆ ಬೇಡ.
ಆದರೆ ಆ ಸಂಜೆಯ ಗಾಳಿಗೆ ಮತ್ತಿಮರವೊಂದು
ಮೂರು ಕಂಬಗಳನ್ನು ಎಳೆದುಕೊಂಡು ಮಲಗಿತ್ತು.
ಸುತ್ತಿ ಬರೋಣವೆಂದು ಎಡಕ್ಕೆ ಇಳಿದೆ.
ಅಷ್ಟೇ.
ದಾರಿ ತಪ್ಪಲು ಅದಕ್ಕಿಂತ ದೊಡ್ಡ ಕಾರಣ ಬೇಕಾಗುವುದಿಲ್ಲ.

ಬ್ಯಾಟರಿ ಹಳದಿಯಾಯಿತು, ಕೆಂಪಾಯಿತು,
ಆಮೇಲೆ ಕೈಯಲ್ಲಿ ಬರೀ ಒಂದು ತಗಡಿನ ಕೊಳವೆ.
ಎಲೆಯಿಂದ ಎಲೆಗೆ ತೊಟ್ಟಿಕ್ಕುವ ನೀರು.
ಎಲ್ಲೋ ಹತ್ತಿರದಲ್ಲೇ ಕಾಟಿ ಉಸಿರು ಬಿಟ್ಟ ಸದ್ದು.
ನಿಂತೆ. ಏಳು ಗಂಟೆಯಾಗಲಿ, ಇಗರ್ಜಿಯ ಗಂಟೆ ಕೇಳುತ್ತದೆ,
ಆ ಕಡೆ ನಡೆದರಾಯಿತು ಎಂದುಕೊಂಡೆ.
ಹನ್ನೊಂದು ವರ್ಷದಿಂದ ಅದರ ಕರೆಗೆ ಹೋಗದವನು
ಅವತ್ತು ಅದಕ್ಕೇ ಕಿವಿ ಚಾಚಿ ನಿಂತಿದ್ದೆ.

ಏಳಾಯಿತು. ಏಳೂವರೆ.
ಆಗ ನೆನಪಾಯಿತು: ಶುಭ ಶುಕ್ರವಾರ.
ನಿನ್ನೆ ರಾತ್ರಿಯೇ ಗಂಟೆಯ ಹಗ್ಗವನ್ನು ಮೇಲೆ ಕಟ್ಟಿರುತ್ತಾರೆ.
ಇನ್ನು ನಾಳೆ ನಡುರಾತ್ರಿಯ ತನಕ ಅದು ಮೂಕ.

ನಗು ಬಂತು, ನಿಜಕ್ಕೂ.
ದೇವರೇ, ನಿನ್ನ ರಜೆಯ ದಿನವನ್ನೇ ಹುಡುಕಿ
ಅರ್ಜಿ ಹಾಕಿದೆನಲ್ಲ.

ಹನ್ನೊಂದು ವರ್ಷದ ಹಿಂದೆ ಸಬ್‌ಸ್ಟೇಷನ್ನಿಗೆ ಫೋನು ಮಾಡಿ
'ಎಲ್ಲ ಇಳಿದಾಯ್ತು, ಚಾರ್ಜ್ ಮಾಡಿ' ಅಂದವನು ನಾನು.
ಎಲ್ಲ ಇಳಿದಿರಲಿಲ್ಲ.
ಕಂಬದ ತುದಿಯಲ್ಲಿ ಇನಾಸ ಇನ್ನೂ ಒಂದು ಗಂಟು ಬಿಗಿಯುತ್ತಿದ್ದ.
ಬಲಗೈ ಮೊಣಕೈಯ ತನಕ ಹೋಯಿತು.
ತನಿಖೆಯಲ್ಲಿ ಅವನು ನನ್ನ ಹೆಸರು ಹೇಳಲಿಲ್ಲ.
ಅದನ್ನು ತಡೆದುಕೊಳ್ಳಲಾಗದೆ ಅವನ ಬೀದಿ ಬಿಟ್ಟೆ,
ಭಾನುವಾರ ಬಿಟ್ಟೆ,
ಕೊನೆಗೆ ಊಟಕ್ಕೆ ಮುಂಚಿನ ಶಿಲುಬೆಯ ಗುರುತನ್ನೂ.

ಕಟ ಕಟ ಕಟ.
ಮರಕುಟಿಗ ಅಂದುಕೊಂಡೆ. ಈ ಕತ್ತಲಲ್ಲಿ ಎಂಥ ಮರಕುಟಿಗ?
ಗಂಟೆ ಮೂಕವಾಗುವ ದಿನಗಳಿಗೆಂದು
ನಮ್ಮಪ್ಪನೇ ಹೆಬ್ಬಲಸಿನಲ್ಲಿ ಕೆತ್ತಿಕೊಟ್ಟ ಕಟಕಟಿ ಅದು.
ಗಾಳಿ ನಿಂತ ಮೇಲೆ, ಗುಡ್ಡದ ಯಾವುದೋ ಮಗ್ಗುಲಲ್ಲಿ
ಶಿಲುಬೆಯ ಹಾದಿ ಶುರುವಾಗಿದೆ.

ಒಂದೊಂದು ಸ್ಥಳಕ್ಕೂ ಒಂದು ಸಲ. ಆಮೇಲೆ ಮೌನ.
ಸದ್ದು ಬಂದಾಗ ಅತ್ತ ತಿರುಗಿ ಹತ್ತು ಮಾರು ನಡೆಯುವುದು,
ಮೌನದಲ್ಲಿ ಮತ್ತೆ ಸೊಟ್ಟಗಾಗುವುದು.
ಕಟ ಕಟ ಕಟ. ಮತ್ತೆ ನೆಟ್ಟಗೆ.
ಹಳ್ಳದಲ್ಲಿ ಜಾರಿ ಬಿದ್ದೆ.
ಆತನೂ ಅಲ್ಲಿ ಬೀಳುವ ಹೊತ್ತೋ ಏನೋ,
ಎಷ್ಟನೆಯ ಸ್ಥಳವೆಂಬ ಲೆಕ್ಕ ನನಗೆ ತಪ್ಪಿಹೋಗಿತ್ತು.
ಮೂರು ಸಲ ಬೀಳುತ್ತಾನೆ ಎಂಬುದು ಮಾತ್ರ ಮರೆತಿರಲಿಲ್ಲ.
ಕೆಸರಿನಿಂದ ಮೊಣಕಾಲು ಕಿತ್ತುಕೊಂಡು ಎದ್ದೆ.

ನಾನು ಬೇಡಿದ್ದು ಬೆಳಕು.
ಸಿಕ್ಕಿದ್ದು ಒಣಮರದ ಸದ್ದು, ಅದೂ ಬಿಟ್ಟು ಬಿಟ್ಟು.

ಪೊದೆ ಸರಿಸಿದರೆ ಮೇಣದ ಬತ್ತಿಗಳು.
ಹದಿನಾಲ್ಕನೆಯ ಕಲ್ಲಿನ ಮುಂದೆ
ಒದ್ದೆ ನೆಲಕ್ಕೆ ಮಂಡಿಯೂರಿದ ಜನ,
ಒಬ್ಬಳು ಮುದುಕಿ ಮಾತ್ರ ಗೋಣಿಚೀಲ ಹಾಸಿಕೊಂಡಿದ್ದಳು.
ಬದಿಯಲ್ಲಿ, ಎಡಗೈಯಲ್ಲಿ ಕಟಕಟಿ ಹಿಡಿದು ನಿಂತವನ
ಬಲದೋಳಿನ ಅಂಗಿಯನ್ನು ಮಡಚಿ ಪಿನ್ನು ಹಾಕಿತ್ತು.

ಇನಾಸ ನನ್ನ ಕೆಸರು ನೋಡಿದ, ಸೊಂಟದ ಬೆಲ್ಟು ನೋಡಿದ.
ಪ್ರಾರ್ಥನೆ ಮುಗಿಯುವವರೆಗೆ ಕಾದು,
'ಕರೆಂಟು ಯಾವಾಗ ಬರ್ತದೆ, ವಲೇರಿ?' ಎಂದ.
'ಬೆಳಗಾಗ್ಬೇಕು. ಮೂರು ಕಂಬ ಬಿದ್ದಿದೆ.'
'ಹೌದಾ.'
ಸ್ವಲ್ಪ ಹೊತ್ತು ಬಿಟ್ಟು,
'ಇದನ್ನ ಹಿಡ್ಕೋ, ಭುಜ ಸೋತಿತು.'

ಹಿಡಿ ಇನ್ನೂ ಬೆಚ್ಚಗಿತ್ತು.
ಇಳಿಜಾರಿನಲ್ಲಿ ಅವನು ಮುಂದೆ, ನಾನು ಹಿಂದೆ.
ನನ್ನ ಬಾಯಿಗೆ ಯಾವ ಜಪವೂ ಬರಲಿಲ್ಲ.
ಹೆಜ್ಜೆಗೊಮ್ಮೆ ಕಟಕಟಿ ತನ್ನಷ್ಟಕ್ಕೆ ಅಲುಗಿ
ಕಟ್ ಎನ್ನುತ್ತಿತ್ತು, ಸಣ್ಣಗೆ.